ಇತಿಹಾಸದ ಎಂ.ಎ.: ಓದುವುದು ಏಕೆ? ಓದಿ ಏನು?

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ನಿವೃತ್ತ ಇತಿಹಾಸ ಅಧ್ಯಾಪಕರೊಬ್ಬರು ಮಾಡಿದ ಭಾಷಣ)



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನಿಮ್ಮೆಲ್ಲರ ಮುಂದೆ ನಿಲ್ಲುವ ಅವಕಾಶ ಸಿಕ್ಕಿದ್ದು ನನ್ನ ಭಾಗ್ಯ. ಸಾಲ ಮನ್ನಾ ಬಗ್ಗೆಯೋ, ಬಡ್ಡಿ ದರದ ಬಗ್ಗೆಯೋ ಮಾತಾಡಲು ನನಗಿಂತ ಬಲ್ಲವರು ಇಲ್ಲಿದ್ದಾರೆ. ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿದವನು. ಅದಕ್ಕೇ ಅಧ್ಯಕ್ಷರು, "ಡಿಗ್ರಿ ಮುಗಿಸಿದ ಹುಡುಗ ಹುಡುಗೀರು ಊರಲ್ಲಿ ಸುಮಾರು ಜನ ಇದ್ದಾರೆ, ಮುಂದಿನ ಓದಿನ ವಿಚಾರವಾಗಿ ನಾಕು ಮಾತು ಹೇಳಿ" ಅಂತ ಅಪ್ಪಣೆ ಮಾಡಿದರು. ನನಗೆ ಗೊತ್ತಿರುವುದು ಒಂದೇ ವಿಷಯ. ಆದ್ದರಿಂದ ಇತಿಹಾಸದಲ್ಲಿ ಎಂ.ಎ. ಮಾಡುವುದು ಅಂದರೇನು, ಅದರಿಂದ ಅನ್ನ ಹುಟ್ಟುತ್ತದೆಯೇ, ಅದರಿಂದ ಊರಿಗೇನು ಲಾಭ, ಈ ಮೂರು ಮಾತು ಹೇಳಿ ಮುಗಿಸುತ್ತೇನೆ.

ಇಂಥ ಮಾತು ಎತ್ತಿದ ಕೂಡಲೇ ತಂದೆ ತಾಯಿಗಳು ಕೇಳುವ ಪ್ರಶ್ನೆ ಒಂದೇ. "ಸತ್ತೋರ ಕತೆ ಓದಿ ಬದುಕಿರೋರು ಊಟ ಮಾಡೋದು ಹೆಂಗೆ ಸಾರ್?" ಇದು ನಗುವ ಪ್ರಶ್ನೆ ಅಲ್ಲ. ಎರಡು ಎಕರೆ ಹೊಲದಲ್ಲಿ ರಾಗಿ ಬೆಳೆದು, ಹಸು ಕಟ್ಟಿ, ಮಕ್ಕಳನ್ನು ಬಿ.ಎ. ತನಕ ಓದಿಸಿದವನಿಗೆ ಹಾಗೆ ಕೇಳುವ ಹಕ್ಕಿದೆ. ಅದಕ್ಕೆ ಉತ್ತರವಾಗಿ "ಜ್ಞಾನವೇ ದೊಡ್ಡದು" ಅಂತ ಬರೀ ಬಾಯಿಮಾತು ಆಡಿದರೆ ಅದು ಅವನಿಗೆ ಮಾಡುವ ಅನ್ಯಾಯ. ಲೆಕ್ಕ ಕೊಡಲೇಬೇಕು, ಕೊಡುತ್ತೇನೆ. ಆದರೆ ಅದಕ್ಕೂ ಮುಂಚೆ ಸರಕು ಯಾವುದು ಅಂತ ತೋರಿಸಬೇಕಲ್ಲ?

ಇತಿಹಾಸ ಅಂದರೆ ರಾಜರ ಹೆಸರು, ಯುದ್ಧದ ಇಸವಿ ಬಾಯಿಪಾಠ ಮಾಡುವುದು ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಹೈಸ್ಕೂಲಿನ ಮಟ್ಟಕ್ಕೆ ಅದು ಸ್ವಲ್ಪ ನಿಜವೂ ಹೌದು. ಎಂ.ಎ.ಗೆ ಬಂದರೆ ಪ್ರಶ್ನೆಯೇ ಬದಲಾಗುತ್ತದೆ. "ಏನಾಯಿತು?" ಅನ್ನುವುದರ ಜೊತೆಗೆ "ಅದು ನಿನಗೆ ಹೇಗೆ ಗೊತ್ತು?" ಅಂತ ಕೇಳುತ್ತಾರೆ. ಯಾರು ಬರೆದರು, ಯಾವಾಗ ಬರೆದರು, ಕಣ್ಣಾರೆ ಕಂಡು ಬರೆದರೋ ಕೇಳಿ ಬರೆದರೋ, ಬರೆದವನಿಗೆ ಅದರಿಂದ ಏನು ಪ್ರಯೋಜನ, ಅದೇ ಸಂಗತಿಗೆ ಬೇರೆ ಸಾಕ್ಷಿ ಇದೆಯೋ. ಎರಡು ವರ್ಷ, ನಾಲ್ಕು ಸೆಮಿಸ್ಟರು, ಹತ್ತು ಹದಿನೈದು ಪತ್ರಿಕೆ ಓದಿಸಿ ಕೊನೆಗೆ ಕಲಿಸುವುದು ಈ ಒಂದು ಅಭ್ಯಾಸವನ್ನೇ. ನಮ್ಮ ಸಂಘದಲ್ಲಿ ಆಡಿಟರು ಬಂದಾಗ ಏನು ಮಾಡುತ್ತಾರೆ? ಲೆಡ್ಜರಿನಲ್ಲಿ ಬರೆದಿದೆ ಅಂತ ಒಪ್ಪುವುದಿಲ್ಲ, ವೋಚರು ತೋರಿಸಿ ಅನ್ನುತ್ತಾರೆ. ಇತಿಹಾಸದ ವಿದ್ಯಾರ್ಥಿ ಹಿಂದಿನ ಕಾಲದ ಆಡಿಟರು ಅಂತ ಇಟ್ಟುಕೊಳ್ಳಿ.

ವೋಚರು ಸಿಕ್ಕಿದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ನಾಡಿನಲ್ಲೇ ಉದಾಹರಣೆಗಳಿವೆ. ದೇಶದ ಬೇರೆ ಬೇರೆ ಕಡೆ ಬಂಡೆಗಳ ಮೇಲೆ "ದೇವಾನಾಂಪ್ರಿಯ", "ಪ್ರಿಯದರ್ಶಿ" ಅನ್ನುವ ಹೆಸರಿನ ದೊರೆಯ ಶಾಸನಗಳಿದ್ದವು. ಆ ಲಿಪಿಯನ್ನು 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಓದಿದ. ಆ ದೊರೆ ಅಶೋಕನೇ ಅಂತ ಸಿಂಹಳದ ಗ್ರಂಥಗಳ ಆಧಾರದಿಂದ ವಿದ್ವಾಂಸರು ಹೇಳಿದರು. ಆದರೆ ಕಲ್ಲಿನ ಮೇಲೆ ಅಶೋಕ ಅನ್ನುವ ಹೆಸರು ಇರಲಿಲ್ಲ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರಿಗೆ ಒಂದು ಬಂಡೆ ಕಂಡಿತು. ಅದರ ಮೇಲೆ ಅಶೋಕ ಅಂತಲೇ ಹೆಸರಿತ್ತು. ಹುಡುಕಿದ್ದು ಚಿನ್ನ, ಸಿಕ್ಕಿದ್ದು ಅಶೋಕ! ಅನುಮಾನ ಅಲ್ಲಿಗೆ ತೀರಿತು.

ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಹಲ್ಮಿಡಿ ನಮ್ಮೂರಿನ ಹಾಗೇ ಒಂದು ಹಳ್ಳಿ. ಅಲ್ಲಿ ನಿಂತಿದ್ದ ಕಲ್ಲನ್ನು 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಅದು ಸುಮಾರು ಕ್ರಿ.ಶ. 450ರ ಕಾಲದ ಕನ್ನಡ ಶಾಸನ ಅಂತ ಗೊತ್ತಾಯಿತು. ಅಷ್ಟು ವರ್ಷ ಊರಿನವರು ಅದರ ಪಕ್ಕದಲ್ಲೇ ಓಡಾಡಿದ್ದರು. ಆಮೇಲೆ 2013-14ರಲ್ಲಿ ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ ಪುರಾತತ್ವ ಇಲಾಖೆಯವರು ಅಗೆದಾಗ ಇನ್ನೊಂದು ಶಾಸನ ಸಿಕ್ಕಿತು. ಅದು ಹಲ್ಮಿಡಿಗಿಂತಲೂ ಹಳೆಯದು ಅಂತ ಇಲಾಖೆಯ ಅಭಿಪ್ರಾಯ. ಸಾಕ್ಷಿ ಬಂದರೆ ಹಳೆಯ ಮಾತನ್ನು ತಿದ್ದಿಕೊಳ್ಳಬೇಕು. ಇದು ಈ ವಿದ್ಯೆಯ ಮೊದಲ ಶಿಸ್ತು.

ಇನ್ನು ನಮ್ಮ ಮೈಸೂರಿನದೇ ಸಂಗತಿ. ಕೌಟಿಲ್ಯನ ಅರ್ಥಶಾಸ್ತ್ರ ಅಂತ ಒಂದು ಗ್ರಂಥ ಇತ್ತು ಅಂತ ಎಲ್ಲರೂ ಕೇಳಿದ್ದರು, ಪೂರ್ತಿ ಗ್ರಂಥ ಕಂಡವರಿಲ್ಲ. ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಾಳೆಗರಿಯ ಕಟ್ಟು ಕೊಟ್ಟರು. ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ, 1905ರಿಂದ ಅದರ ಭಾಗಗಳನ್ನು ಪ್ರಕಟಿಸಿ, 1909ರಲ್ಲಿ ಪೂರ್ತಿ ಮೂಲವನ್ನು, 1915ರಲ್ಲಿ ಇಂಗ್ಲಿಷ್ ಅನುವಾದವನ್ನು ಅಚ್ಚು ಹಾಕಿಸಿದರು. ಇಡೀ ಪ್ರಪಂಚ ಮೈಸೂರಿನ ಕಡೆ ತಿರುಗಿ ನೋಡಿತು. ಕಟ್ಟು ಕಟ್ಟಿ ಅಟ್ಟದ ಮೇಲೆ ಎಸೆದಿದ್ದರೆ ಗೆದ್ದಲು ತಿಂದು ಹೋಗುತ್ತಿತ್ತು, ಯಾರಿಗೂ ತಿಳಿಯುತ್ತಲೂ ಇರಲಿಲ್ಲ.

"ಇದೆಲ್ಲ ದೊಡ್ಡವರ ಮಾತಾಯಿತು, ನಮಗೂ ಇದಕ್ಕೂ ಏನು ಸಂಬಂಧ?" ಅನ್ನಬಹುದು. ಸಂಬಂಧ ಇದೆ. ಇವತ್ತು ಬೆಳ್ಳಿಹಬ್ಬ ಮಾಡಿಕೊಳ್ಳುತ್ತಿರುವ ನಮ್ಮ ಸಹಕಾರ ಸಂಘ ಎಲ್ಲಿಂದ ಬಂತು? ಇಂಥ ಒಂದು ಪ್ರಶ್ನೆ ಕೊಟ್ಟರೆ ಇತಿಹಾಸದ ವಿದ್ಯಾರ್ಥಿ ಹೇಗೆ ದಾರಿ ಹಿಡಿಯುತ್ತಾನೆ ನೋಡಿ.

1861ರಿಂದ 1865ರ ತನಕ ಅಮೆರಿಕದಲ್ಲಿ ಅವರವರೊಳಗೇ ಯುದ್ಧ ನಡೆಯಿತು. ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ನಿಂತಿತು. ಗಿರಣಿಯವರು ಮುಂಬಯಿ ಕಡೆ ತಿರುಗಿದರು. ಇಲ್ಲಿ ಹತ್ತಿಗೆ ಚಿನ್ನದ ಬೆಲೆ ಬಂತು. ಸಾಹುಕಾರರು ಕರೆದು ಕರೆದು ಸಾಲ ಕೊಟ್ಟರು, ರೈತರೂ ಧೈರ್ಯವಾಗಿ ತೆಗೆದುಕೊಂಡರು. ಯುದ್ಧ ಮುಗಿಯಿತು, ಬೆಲೆ ಕುಸಿಯಿತು. ಅದೇ ಹೊತ್ತಿಗೆ ಸರ್ಕಾರ ಹೊಸ ಅಳತೆ ಮಾಡಿ ಕಂದಾಯ ಏರಿಸಿತು. ಸಾಲ ಬೆಳೆದು ಜಮೀನು ಸಾಹುಕಾರನ ಪಾಲಾಗತೊಡಗಿತು. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸೂಪಾ ಎಂಬ ಊರಿನಲ್ಲಿ ರೈತರು ಎದ್ದು, ಸಾಹುಕಾರರ ಮನೆಗಳಿಗೆ ನುಗ್ಗಿ, ಸಾಲದ ಪತ್ರಗಳನ್ನು ಬೀದಿಗೆ ತಂದು ಸುಟ್ಟರು. ಗಲಾಟೆ ಅಹಮದ್‌ನಗರ ಜಿಲ್ಲೆಗೂ ಹಬ್ಬಿತು. ರೈತರ ಸಿಟ್ಟು ಮುಖ್ಯವಾಗಿ ಆ ಕಾಗದದ ಮೇಲೆಯೇ ಇತ್ತು ಅನ್ನುವುದನ್ನು ಗಮನಿಸಿ. ಓದು ಬರದವನ ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದ ಅದು.

ಸರ್ಕಾರ ವಿಚಾರಣೆ ನಡೆಸಿ 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯಿದೆ ಮಾಡಿತು. ಅಷ್ಟರೊಳಗೆ 1876-78ರ ಭೀಕರ ಬರ ಬಂದು ಹೋಗಿತ್ತು. ನಮ್ಮ ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯಲ್ಲಿ 50 ಲಕ್ಷ 55 ಸಾವಿರ ಜನ ಇದ್ದರು, 1881ರಲ್ಲಿ 41 ಲಕ್ಷ 86 ಸಾವಿರ. ಹತ್ತು ವರ್ಷದಲ್ಲಿ ಜನ ಹೆಚ್ಚಬೇಕಾದ ಕಡೆ ಎಂಟೂವರೆ ಲಕ್ಷಕ್ಕೂ ಹೆಚ್ಚು ಕಡಿಮೆಯಾದರು. ಹಳೆಯ ಕಾಲದ ಅಜ್ಜಿಯರು "ದೊಡ್ಡ ಬರ" ಅಂತ ಹೇಳುತ್ತಿದ್ದ ಮಾತಿನ ಹಿಂದೆ ಇರುವ ಅಂಕಿ ಇದು.

ಕಾಯಿದೆ ಒಂದರಿಂದಲೇ ಸಾಲ ತೀರುವುದಿಲ್ಲ, ರೈತನಿಗೆ ಕಡಿಮೆ ಬಡ್ಡಿಗೆ ಹಣ ಸಿಗುವ ಜಾಗ ಬೇಕು ಅನ್ನುವ ಮಾತು ಬಂತು. ಮದ್ರಾಸ್ ಸರ್ಕಾರ ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಗೆ ಯೂರೋಪಿನ ರೈತರ ಬ್ಯಾಂಕುಗಳ ಅಧ್ಯಯನ ಮಾಡುವ ಕೆಲಸ ಒಪ್ಪಿಸಿತು. ಜರ್ಮನಿಯಲ್ಲಿ ರೈಫೈಸನ್ ಅನ್ನುವವರು ಹಳ್ಳಿಹಳ್ಳಿಯಲ್ಲಿ ಪತ್ತಿನ ಸಂಘ ಕಟ್ಟಿದ್ದರು. ನಿಕಲ್ಸನ್ 1895 ಮತ್ತು 1897ರಲ್ಲಿ ವರದಿ ಕೊಟ್ಟರು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂತು. ಮರುವರ್ಷವೇ, 1905ರಲ್ಲಿ, ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಸ್ಥಾಪಿಸಿದರು. ಮೈಸೂರು ಸಂಸ್ಥಾನದಲ್ಲೂ ಅದೇ 1905ರಲ್ಲಿ ಸಹಕಾರ ಸಂಘಗಳ ಕಾಯಿದೆ ಜಾರಿಗೆ ಬಂತು. ನಮ್ಮ ಸಂಘ ಆ ಮರದ ಒಂದು ಕೊಂಬೆ.

ನೋಡಿ, ಅಮೆರಿಕದ ಯುದ್ಧ, ಲಂಕಾಷೈರಿನ ಗಿರಣಿ, ಸೂಪಾದ ಬೆಂಕಿ, ಮೈಸೂರಿನ ಬರ, ಜರ್ಮನಿಯ ಹಳ್ಳಿ, ಕಣಗಿನಹಾಳದ ಗೌಡರು. ಇಷ್ಟೆಲ್ಲ ದಾಟಿ ಬಂದ ದಾರಿಯ ತುದಿಯಲ್ಲಿ ನಮ್ಮ ಕಾರ್ಯದರ್ಶಿಗಳ ಮೇಜು ಇದೆ. ಇಂಥ ದಾರಿ ಹುಡುಕುವ ಕೆಲಸವನ್ನೇ ಎಂ.ಎ.ನಲ್ಲಿ ಕಲಿಸುವುದು. ಇದನ್ನು ತಿಳಿದವನು ಸಂಘದ ಸಾಲ ಕಟ್ಟದೆ ಇರುವುದು ಯಾರಿಗೆ ಮಾಡುವ ದ್ರೋಹ ಅಂತಲೂ ತಿಳಿಯುತ್ತಾನೆ.

ಇನ್ನೊಂದು ಮಾತು. ಹೊಗಳುವುದಕ್ಕೇ ಇತಿಹಾಸ ಓದಬಾರದು. "ಹಿಂದಿನ ಕಾಲದಲ್ಲಿ ಊರಿನವರೆಲ್ಲ ಒಂದಾಗಿ ಕೆರೆ ಕಟ್ಟುತ್ತಿದ್ದರು, ಎಲ್ಲರೂ ಸಮಾನರಾಗಿದ್ದರು" ಅಂತ ಇಂಥ ವೇದಿಕೆಗಳಲ್ಲಿ ಭಾಷಣ ಮಾಡುತ್ತೇವೆ. ಡಾ. ಜಿ. ಎಸ್. ದೀಕ್ಷಿತ್ ಅವರು ಮಧ್ಯಕಾಲದ ಕರ್ನಾಟಕದ ಗ್ರಾಮಾಡಳಿತದ ಮೇಲೆ 1964ರಲ್ಲಿ ಪುಸ್ತಕ ಪ್ರಕಟಿಸಿದರು, ಕೆರೆ ನೀರಾವರಿಯ ಮೇಲೂ ಕೆಲಸ ಮಾಡಿದರು. ಶಾಸನಗಳನ್ನು ನೋಡಿದರೆ ಕೆರೆ ಕಟ್ಟಿದವನಿಗೆ ಗದ್ದೆ ಬಿಟ್ಟುಕೊಟ್ಟದ್ದು, ಏರಿ ರಿಪೇರಿಗೆ ಆದಾಯ ಮೀಸಲಿಟ್ಟದ್ದು ಎಲ್ಲ ಇದೆ. ಅದು ಹೆಮ್ಮೆಯ ವಿಷಯ. ಆದರೆ ಅದೇ ಶಾಸನಗಳಲ್ಲಿ ಬರುವ "ಮಹಾಜನರು" ಅಗ್ರಹಾರದ ಭೂಮಿ ಹೊಂದಿದ ಬ್ರಾಹ್ಮಣರು. ಮಣ್ಣು ಹೊತ್ತವನ ಹೆಸರು, ಹೆಣ್ಣುಮಗಳ ಕೂಲಿ ಎಷ್ಟು ಅನ್ನುವ ಲೆಕ್ಕ ಕಲ್ಲಿನ ಮೇಲೆ ಸಾಮಾನ್ಯವಾಗಿ ಸಿಗುವುದಿಲ್ಲ. ಇದ್ದದ್ದನ್ನು ಹೆಮ್ಮೆಯಿಂದ ಹೇಳಬೇಕು, ಇಲ್ಲದ್ದನ್ನು ಇತ್ತು ಅನ್ನಬಾರದು. ಈಗ ವಾಟ್ಸಾಪಿನಲ್ಲಿ ಬೆಳಗಾಗೆದ್ದರೆ ಇತಿಹಾಸವೇ ಇತಿಹಾಸ. ಇಂಥ ಗುಡಿ ನಮ್ಮದು, ಇಂಥ ಜಾತಿ ಮೊದಲು ಬಂತು, ಇಂಥ ರಾಜ ಹೀಗೆ ಮಾಡಿದ ಅಂತ. ಅದನ್ನು ನಂಬಿ ಅಣ್ಣತಮ್ಮಂದಿರಂತಿದ್ದವರು ಮಾತು ಬಿಟ್ಟ ಊರುಗಳಿವೆ. "ಇದು ನಿಂಗೆ ಹೆಂಗೆ ಗೊತ್ತು? ಆಧಾರ ಎಲ್ಲಿದೆ?" ಅಂತ ಸಮಾಧಾನವಾಗಿ ಕೇಳುವ ಒಬ್ಬ ಹುಡುಗನೋ ಹುಡುಗಿಯೋ ಊರಿನಲ್ಲಿದ್ದರೆ ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ. ಊರಿಗೆ ಲಾಭ ಏನು ಅಂದಿರಲ್ಲ, ಮೊದಲನೆಯ ಲಾಭ ಇದು.

ಈಗ ಅನ್ನದ ಲೆಕ್ಕಕ್ಕೆ ಬರೋಣ.

ಇತಿಹಾಸದ ಎಂ.ಎ. ಕೈಯಲ್ಲಿ ಹಿಡಿದು ಹೊರಗೆ ಬಂದ ಕೂಡಲೇ ಕೆಲಸ ಕಾದು ನಿಂತಿರುವುದಿಲ್ಲ. ಇದನ್ನು ಮೊದಲೇ ತಿಳಿದಿರಲಿ. ಸರ್ಕಾರಿ ಪಿ.ಯು. ಕಾಲೇಜಿನಲ್ಲಿ ಉಪನ್ಯಾಸಕರಾಗಬೇಕಾದರೆ ಎಂ.ಎ.ನಲ್ಲಿ ನಿಗದಿತ ಅಂಕದ ಜೊತೆಗೆ ಬಿ.ಎಡ್. ಬೇಕು. ಡಿಗ್ರಿ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗಬೇಕಾದರೆ ಎಂ.ಎ.ನಲ್ಲಿ ಶೇಕಡ 55 ಅಂಕ, ಮೀಸಲಾತಿ ಇರುವವರಿಗೆ ನಿಯಮದಂತೆ ಶೇಕಡ 5 ರಿಯಾಯಿತಿ, ಅದರ ಮೇಲೆ ನೆಟ್ ಅಥವಾ ನಮ್ಮ ರಾಜ್ಯದ ಕೆ-ಸೆಟ್ ಪಾಸಾಗಿರಬೇಕು. ಬರೀ ಎಂ.ಎ. ಸಾಲದು. ನೆಟ್ ಪರೀಕ್ಷೆಯಲ್ಲಿ ಎರಡು ಪತ್ರಿಕೆ. ಮೊದಲನೆಯದು ಸಾಮಾನ್ಯ, 50 ಪ್ರಶ್ನೆ, 100 ಅಂಕ. ಎರಡನೆಯದು ಇತಿಹಾಸ, 100 ಪ್ರಶ್ನೆ, 200 ಅಂಕ. ಇತಿಹಾಸದ ಪ್ರಶ್ನೆ ಬರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಕನ್ನಡದಲ್ಲಿ ಎಂ.ಎ. ಬರೆದ ನಮ್ಮ ಮಕ್ಕಳು ಎಡವುವುದು ಇಲ್ಲೇ. ಬುದ್ಧಿ ಕಡಿಮೆ ಅಂತ ಅಲ್ಲ, ಇಂಗ್ಲಿಷ್ ಪುಸ್ತಕ ಓದುವ ರೂಢಿ ತಪ್ಪಿರುತ್ತದೆ.

ನೆಟ್‌ನಲ್ಲಿ ಮೇಲಿನ ಅಂಕ ಬಂದವರಿಗೆ ಸಂಶೋಧನಾ ವೇತನ ಉಂಟು, ಅದಕ್ಕೆ ಜೆ.ಆರ್.ಎಫ್. ಅನ್ನುತ್ತಾರೆ. 2023ರ ಪರಿಷ್ಕರಣೆಯ ಪ್ರಕಾರ ಮೊದಲ ಎರಡು ವರ್ಷ ತಿಂಗಳಿಗೆ 37 ಸಾವಿರ ರೂಪಾಯಿ, ಆಮೇಲೆ 42 ಸಾವಿರ. ಅದು ಸಿಕ್ಕಿದರೆ ಮನೆಗೆ ಹೊರೆಯಾಗದೆ ಪಿಎಚ್.ಡಿ. ಮಾಡಬಹುದು. ಆದರೆ ಸಿಗುವವರು ಕೆಲವರೇ. ಪಿಎಚ್.ಡಿ.ಗೆ ಕಡಿಮೆ ಅಂದರೂ ಮೂರು ವರ್ಷ, ಸಾಮಾನ್ಯವಾಗಿ ಐದಾರು ವರ್ಷ ಹಿಡಿಯುತ್ತದೆ. ಖಾಯಂ ನೇಮಕಾತಿ ಆಗಾಗ ಕರೆಯುವುದಿಲ್ಲ. ನಡುವೆ ಅತಿಥಿ ಉಪನ್ಯಾಸಕರಾಗಿ ದುಡಿಯುವವರು ನಮ್ಮ ರಾಜ್ಯದಲ್ಲಿ ಸಾವಿರಾರು ಜನ ಇದ್ದಾರೆ. ವರ್ಷ ವರ್ಷವೂ ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಅನ್ನುವ ಚಿಂತೆ. ನನ್ನ ಹತ್ತಿರ ಓದಿದ ಬುದ್ಧಿವಂತರು ಕೆಲವರು ನಲವತ್ತು ದಾಟಿದರೂ ಇದೇ ಸ್ಥಿತಿಯಲ್ಲಿದ್ದಾರೆ. ಅವರನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಇದನ್ನು ಬೆಳ್ಳಿಹಬ್ಬದ ದಿನ ಹೇಳಬಾರದು ಅನ್ನಬೇಡಿ. ಮಗಳನ್ನು ಕೊಡುವ ಮುಂಚೆ ಮನೆತನ ವಿಚಾರಿಸುತ್ತೇವೆ, ಹಾಗೇ ಇದೂ.

ಹಾಗಾದರೆ ಬೇಡವೇ? ಬೇಡ ಅನ್ನುತ್ತಿಲ್ಲ. ಒಂದೇ ಬಾಗಿಲು ನೋಡಿಕೊಂಡು ಕೂರಬೇಡಿ ಅನ್ನುತ್ತಿದ್ದೇನೆ. ಕೆ.ಎ.ಎಸ್., ಐ.ಎ.ಎಸ್. ಪರೀಕ್ಷೆಗಳಲ್ಲಿ ಇತಿಹಾಸಕ್ಕೆ ಒಳ್ಳೆಯ ಪಾಲಿದೆ, ಇದೇ ಓದು ಅಲ್ಲಿಗೂ ಆಗುತ್ತದೆ. ಪುರಾತತ್ವ ಇಲಾಖೆ, ವಸ್ತು ಸಂಗ್ರಹಾಲಯ, ಪತ್ರಾಗಾರಗಳಲ್ಲಿ ಹುದ್ದೆಗಳುಂಟು. ಕೇಂದ್ರ ಪುರಾತತ್ವ ಇಲಾಖೆಯ ಶಾಸನ ವಿಭಾಗದ ಮುಖ್ಯ ಕಚೇರಿ ನಮ್ಮ ಮೈಸೂರಿನಲ್ಲೇ ಇದೆ. ಹಳೆಯ ಲಿಪಿ ಓದುವವರು ದೇಶದಲ್ಲೇ ಕಡಿಮೆಯಾಗುತ್ತಿದ್ದಾರೆ. ಪತ್ರಿಕೋದ್ಯಮ, ಪ್ರವಾಸೋದ್ಯಮದಲ್ಲೂ ದಾರಿ ಇದೆ. ಹಂಪಿ, ಬೇಲೂರು, ಬಾದಾಮಿಗೆ ಬರುವವರಿಗೆ ಕತೆ ಕಟ್ಟದೆ ನಿಜ ಹೇಳಬಲ್ಲ ಮಾರ್ಗದರ್ಶಿ ಬೇಕು.

ಮಕ್ಕಳಿಗೆ ನನ್ನ ಸಲಹೆ ಇಷ್ಟು. ಬೇರೆ ಯಾವುದಕ್ಕೂ ಸೀಟು ಸಿಗಲಿಲ್ಲ ಅಂತ ಇತಿಹಾಸಕ್ಕೆ ಬರಬೇಡಿ. ಓದಬೇಕು ಅನ್ನುವ ಹಠ ಇದ್ದರೆ ಬನ್ನಿ. ಬಂದ ಮೇಲೆ ಗೈಡು, ನೋಟ್ಸು ನಂಬಬೇಡಿ. ದಿನಕ್ಕೆ ಎರಡು ಪುಟವಾದರೂ ಸರಿ, ಇಂಗ್ಲಿಷಿನ ಒಳ್ಳೆಯ ಇತಿಹಾಸ ಗ್ರಂಥವನ್ನು ನಿಘಂಟು ಇಟ್ಟುಕೊಂಡು ಓದಿ. ಆರು ತಿಂಗಳಲ್ಲಿ ಭಯ ಹೋಗುತ್ತದೆ. ಉತ್ತರವನ್ನು ಬೇಕಾದರೆ ಕನ್ನಡದಲ್ಲೇ ಬರೆಯಿರಿ, ನಮ್ಮ ರಾಜ್ಯದ ಹಲವು ವಿಶ್ವವಿದ್ಯಾಲಯಗಳಲ್ಲಿ ಅದಕ್ಕೆ ಅವಕಾಶ ಇದೆ. ಇಂಗ್ಲಿಷಿನ ಜೊತೆಗೆ ಇನ್ನೊಂದು ಕೀಲಿಕೈ ಬೇಕು. ಶಾಸನಕ್ಕೆ ಹಳಗನ್ನಡ ಮತ್ತು ಹಳೆಯ ಲಿಪಿ, ಮರಾಠರ ಕಾಲದ ಕಾಗದಕ್ಕೆ ಮೋಡಿ ಲಿಪಿ, ಬಿಜಾಪುರದ ಸುಲ್ತಾನರ, ಟಿಪ್ಪುವಿನ ಕಾಲದ ದಾಖಲೆಗೆ ಪಾರ್ಸಿ. ಯಾವುದಾದರೂ ಒಂದು ಕಲಿತರೆ ನೂರು ಜನರ ಸಾಲಿನಲ್ಲಿ ನಿಮ್ಮನ್ನು ಮುಂದಕ್ಕೆ ಕರೆಯುತ್ತಾರೆ.

ಖರ್ಚಿನ ವಿಚಾರ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಎರಡು ವರ್ಷ ಇರುವುದು ಎಲ್ಲರ ಕೈಲಿ ಆಗುವ ಮಾತಲ್ಲ. ಆಗದವರಿಗೆ 1996ರಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಮೈಸೂರಿನಲ್ಲಿದೆ. ಮನೆಯಲ್ಲಿದ್ದುಕೊಂಡು, ಹೊಲದ ಕೆಲಸ ಮಾಡಿಕೊಂಡು ಎಂ.ಎ. ಓದಬಹುದು. ಆದರೆ ಗ್ರಂಥಾಲಯ, ಒಳ್ಳೆಯ ಮೇಷ್ಟ್ರು, ಜೊತೆಗೆ ವಾದ ಮಾಡುವ ಗೆಳೆಯರು, ಇವು ಕ್ಯಾಂಪಸ್ಸಿನಲ್ಲಿ ಸಿಗುವ ಹಾಗೆ ಮನೆಯಲ್ಲಿ ಸಿಗುವುದಿಲ್ಲ. ಆದ್ದರಿಂದ ಹಾಸ್ಟೆಲ್ ಸಿಗುವ ಹಾಗಿದ್ದರೆ ಕಳಿಸಿ. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕದೆ ಬಿಡಬೇಡಿ. 2021ರಲ್ಲಿ ರೈತರ ಮಕ್ಕಳಿಗಾಗಿ ರೈತ ವಿದ್ಯಾನಿಧಿ ಆರಂಭವಾಯಿತು, ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಇಲಾಖೆಯವರ ಯೋಜನೆಗಳೂ ಇವೆ. ಆಯಾ ವರ್ಷ ಯಾವುದು ಎಷ್ಟು ಅಂತ ಕಚೇರಿಯಲ್ಲಿ ವಿಚಾರಿಸಿ, ಕೊನೆಯ ದಿನಾಂಕ ತಪ್ಪಿಸಿಕೊಳ್ಳಬೇಡಿ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಇಲ್ಲ. ದಿನಾ ಹೋಗಿ ಬರುವಷ್ಟು ದೂರದಲ್ಲಿ ಸ್ನಾತಕೋತ್ತರ ಕೇಂದ್ರ ಇದ್ದರೆ "ಬಸ್ಸಿನ ಚಾರ್ಜಿಗೆ ಎಲ್ಲಿಂದ ತರೋದು" ಅನ್ನುವ ಮಾತಂತೂ ಈಗ ಉಳಿದಿಲ್ಲ. ಮಗಳಿಗೆ ಎರಡು ವರ್ಷ ಕಾಲಾವಕಾಶ ಕೊಡುವ ಮನಸ್ಸು ಮಾತ್ರ ಬೇಕು. ತಾಯಂದಿರೇ, ಈ ಮಾತನ್ನು ನಿಮ್ಮನ್ನು ನೋಡಿಕೊಂಡೇ ಹೇಳುತ್ತಿದ್ದೇನೆ. ಮದುವೆಯ ಮಾತು ಎರಡು ವರ್ಷ ತಡವಾದರೆ ಗಂಡು ಎಲ್ಲಿಗೂ ಓಡಿ ಹೋಗುವುದಿಲ್ಲ. ಬಿಟ್ಟ ಓದು ಮಾತ್ರ ಮತ್ತೆ ಕೈಗೆ ಸಿಗುವುದು ಕಷ್ಟ.

ಎಂ.ಎ.ಯ ಕೊನೆಯ ಸೆಮಿಸ್ಟರಿನಲ್ಲಿ ಬಹಳ ಕಡೆ ಒಂದು ಕಿರುಪ್ರಬಂಧ ಬರೆಸುತ್ತಾರೆ. ನಮ್ಮ ಮಕ್ಕಳು ಪೇಟೆಯ ಅಂಗಡಿಯಿಂದ ಟೈಪು ಮಾಡಿಸಿದ ಯಾವುದೋ ಹಳೆಯ ವಿಷಯ ಒಪ್ಪಿಸಿ ಬರುತ್ತಾರೆ. ಹಾಗೆ ಮಾಡಬೇಡಿ, ಊರನ್ನೇ ಬರೆಯಿರಿ. ಆಧಾರ ಎಲ್ಲಿದೆ ಅನ್ನುತ್ತೀರಾ? ಬಿ. ಎಲ್. ರೈಸ್ ಅವರು 1886ರಿಂದ ಸುಮಾರು ಇಪ್ಪತ್ತು ವರ್ಷ ಕೆಲಸ ಮಾಡಿ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ 12 ಸಂಪುಟ ತಂದರು. ಮೈಸೂರು ಸೀಮೆ ಮತ್ತು ಕೊಡಗಿನ ಸುಮಾರು ಒಂಬತ್ತು ಸಾವಿರ ಶಾಸನ ಅದರಲ್ಲಿವೆ. ತಾಲ್ಲೂಕುವಾರು, ಊರುವಾರು ಜೋಡಿಸಿದ್ದಾರೆ. ಕೆರೆ ಏರಿಯ ಮೇಲಿನ ಕಲ್ಲು, ಇಂಥ ದೇವಸ್ಥಾನದ ಬಾಗಿಲ ಕಲ್ಲು ಅಂತ ಗುರುತು ಸಹಿತ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಅದರ ಹೊಸ ಆವೃತ್ತಿ ತಂದಿದೆ. ನಮ್ಮ ತಾಲ್ಲೂಕಿನ ಪುಟ ತೆಗೆದು ನೋಡಿ, ಅದರಲ್ಲಿ ಹೇಳಿದ ಕಲ್ಲುಗಳಲ್ಲಿ ಎಷ್ಟು ಈಗ ಉಳಿದಿವೆ, ಎಷ್ಟು ಮನೆಯ ಪಾಯಕ್ಕೆ ಹೋಗಿವೆ ಅಂತ ಊರೂರು ತಿರುಗಿ ಬರೆದರೆ ಅದೇ ಒಂದು ಒಳ್ಳೆಯ ಪ್ರಬಂಧ. ವೀರಗಲ್ಲನ್ನು "ಪಾಂಡವರು ನಿಲ್ಲಿಸಿದ ಕಲ್ಲು" ಅಂತ ಕರೆದು ಅರಿಶಿನ ಕುಂಕುಮ ಹಚ್ಚುವ ಊರುಗಳಿವೆ. ಕೆಳಗಿನ ಸಾಲಿನಲ್ಲಿ ಯುದ್ಧ, ನಡುವೆ ಸತ್ತವನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ದೇವರ ಸನ್ನಿಧಿ. ಊರ ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಬಡಿದಾಡಿ ಸತ್ತ ಊರಿನ ಮಕ್ಕಳ ಕಲ್ಲುಗಳು ಎಷ್ಟೋ ಇವೆ. ಕುಂಕುಮ ಹಚ್ಚುವುದು ತಪ್ಪಲ್ಲ, ಅವನು ಯಾರು ಅಂತ ತಿಳಿದು ಹಚ್ಚಿದರೆ ಇನ್ನೂ ಚೆನ್ನ.

ಆಧಾರ ಕಲ್ಲಿನಲ್ಲೇ ಇರಬೇಕಾಗಿಲ್ಲ. ನಮ್ಮ ಸಂಘದ ಕಚೇರಿಯಲ್ಲೇ ಇದೆ. ಇಪ್ಪತ್ತೈದು ವರ್ಷದ ನಡಾವಳಿ ಪುಸ್ತಕ, ಸದಸ್ಯರ ರಿಜಿಸ್ಟರು, ಸಾಲದ ಅರ್ಜಿಗಳು. ಮೊದಲ ವರ್ಷದ ಪುಸ್ತಕದಲ್ಲಿ ಎಷ್ಟು ಹೆಬ್ಬೆಟ್ಟು, ಇವತ್ತಿನ ಪುಸ್ತಕದಲ್ಲಿ ಎಷ್ಟು ಸಹಿ ಅಂತ ಎಣಿಸಿದರೆ ಸಾಕು, ಊರು ಅಕ್ಷರ ಕಲಿತ ಇತಿಹಾಸ ಅಲ್ಲೇ ಇದೆ. ಮೊದಲು ಎತ್ತಿಗೆ ಸಾಲ, ಆಮೇಲೆ ಬೋರ್‌ವೆಲ್‌ಗೆ ಸಾಲ, ಆಮೇಲೆ ಹಸುವಿಗೋ ಟ್ರ್ಯಾಕ್ಟರಿಗೋ ಅಂತ ವರ್ಷವಾರು ಬರೆದರೆ ಹೊಲದ ಇತಿಹಾಸ. ಹೆಂಗಸರ ಹೆಸರು ಸದಸ್ಯರ ಪಟ್ಟಿಗೆ ಯಾವ ವರ್ಷ ಬಂತು, ಬಂದ ಮೇಲೆ ಸಭೆಯಲ್ಲಿ ಅವರ ಮಾತು ನಡಾವಳಿಗೆ ಬಂತೇ ಅಂತ ನೋಡಿದರೆ ಮನೆಮನೆಯ ಇತಿಹಾಸ. ಯಾವ ವರ್ಷ ಬಾಕಿ ಹೆಚ್ಚಾಯಿತೋ ಅದರ ಪಕ್ಕದಲ್ಲಿ ಮಳೆಯ ಲೆಕ್ಕ ಇಟ್ಟರೆ ಬರಗಾಲದ ಇತಿಹಾಸ. ನಮ್ಮ ಕಾಲಕ್ಕೆ ಇದು ಬರೀ ರದ್ದಿ ಅನ್ನಿಸುತ್ತದೆ. ಅರ್ಥಶಾಸ್ತ್ರದ ತಾಳೆಗರಿಯೂ ಯಾರದೋ ಕಣ್ಣಿಗೆ ರದ್ದಿಯಾಗಿಯೇ ಕಂಡಿರಬೇಕು.

ಆದ್ದರಿಂದ ಆಡಳಿತ ಮಂಡಳಿಯವರಲ್ಲಿ ನನ್ನ ಎರಡು ವಿನಂತಿ. ಒಂದು, ಕಾಯಿದೆಯ ಪ್ರಕಾರ ಇಡಬೇಕಾದ ಅವಧಿ ಮುಗಿಯಿತು ಅಂತ ಹಳೆಯ ಪುಸ್ತಕಗಳನ್ನು ತೂಕಕ್ಕೆ ಹಾಕಬೇಡಿ. ಹೊಸ ಕಟ್ಟಡದಲ್ಲಿ ಒಂದು ಕಬ್ಬಿಣದ ಬೀರು ಕೊಡಿ. ನೆಲದ ತೇವ ತಾಗದ ಹಾಗೆ, ಗೆದ್ದಲು ಹತ್ತದ ಹಾಗೆ ವರ್ಷವಾರು ಜೋಡಿಸಿ, ಹೊರಗೆ ಚೀಟಿ ಅಂಟಿಸಿ. ಸದಸ್ಯರ ಖಾಸಗಿ ಸಾಲದ ವಿವರ ಬೀದಿಗೆ ಬರಬಾರದು, ಅದು ಸರಿ. ಓದಲು ಬರುವ ವಿದ್ಯಾರ್ಥಿಯಿಂದ ಹೆಸರು ಬಯಲು ಮಾಡುವುದಿಲ್ಲ ಅಂತ ಬರೆಸಿಕೊಂಡು ಕಾರ್ಯದರ್ಶಿಗಳ ಮುಂದೆಯೇ ಕೂರಿಸಿ ಓದಿಸಿ. ಎರಡು, ಲಾಭದ ಹಂಚಿಕೆ ಮಾಡುವಾಗ ಶಿಕ್ಷಣಕ್ಕೆ ಅಂತ ತೆಗೆಯುವುದರಲ್ಲಿ ಒಂದಿಷ್ಟನ್ನು ಉನ್ನತ ವ್ಯಾಸಂಗಕ್ಕೆ ಹೋಗುವ ಸದಸ್ಯರ ಮಕ್ಕಳಿಗೆ ಪುಸ್ತಕದ ಸಹಾಯವಾಗಿ ಕೊಡಿ. ಇಂಜಿನಿಯರಿಂಗು, ಮೆಡಿಕಲ್ಲಿಗೆ ಹೋಗುವವರಿಗೆ ಸನ್ಮಾನ ಮಾಡುವ ವೇದಿಕೆಯಲ್ಲಿ ಇತಿಹಾಸ, ಕನ್ನಡ, ಅರ್ಥಶಾಸ್ತ್ರ ಓದಲು ಹೋಗುವವರಿಗೂ ಒಂದು ಕುರ್ಚಿ ಹಾಕಿ. ಶಾಲು, ಹಾರದ ಬದಲು ಒಂದು ಒಳ್ಳೆಯ ನಿಘಂಟು ಕೊಟ್ಟರೂ ಸಾಕು.

ಇಂದಿಗೆ ಇಪ್ಪತ್ತೈದು ವರ್ಷಕ್ಕೆ ಈ ಸಂಘದ ಸುವರ್ಣ ಮಹೋತ್ಸವ. ಆ ಸ್ಮರಣ ಸಂಚಿಕೆಗೆ ಸಂಘದ ಚರಿತ್ರೆ ಯಾರು ಬರೆಯಬೇಕು? ನಾವು ನೆನಪಿನಿಂದ ಹೇಳುವುದು ಆಗ ಉಳಿದಿರುವುದಿಲ್ಲ, ನಮ್ಮಲ್ಲಿ ಬಹಳ ಜನ ಇರುವುದೂ ಇಲ್ಲ. ಈಗ ಕೊನೆಯ ಸಾಲಿನಲ್ಲಿ ಪಿಸುಪಿಸು ಮಾತಾಡುತ್ತಿರುವ ಹುಡುಗ ಹುಡುಗೀರಲ್ಲಿ ಒಬ್ಬರು, ಬೀರುವಿನ ಬಾಗಿಲು ತೆಗೆದು, ಮೊದಲನೆಯ ನಡಾವಳಿ ಪುಸ್ತಕ ಕೈಗೆತ್ತಿಕೊಂಡು, ಆಧಾರ ಸಹಿತ ಬರೆಯಬೇಕು. ಚೆನ್ನಾಗಿ ನಡೆದದ್ದನ್ನೂ ಬರೆಯಬೇಕು, ನಾವು ಎಲ್ಲಿ ಜಗಳ ಆಡಿದೆವು ಅನ್ನುವುದನ್ನೂ ಬರೆಯಬೇಕು. ಅಂಥವರೊಬ್ಬರು ಈ ಊರಿನಲ್ಲಿ ತಯಾರಾಗಲಿ ಅಂತ ಹಾರೈಸುತ್ತೇನೆ.